ಹೊಸ ಪೆಟ್ಟಿಗೆಯೊಳಗೆ ಹೊಸ ಕ್ಯಾಮೆರಾನೇ ಇದೆಯಾ? ಪತ್ತೆ ಮಾಡುವ ಬಗೆ

ನಿಕಾನ್ ಡಿ7500 ಮನೆಗೆ ಬಂದ ದಿನ ನಾನು ತೆಗೆದ ಮೊದಲ ಫೋಟೋ ಅಂಗಳದ ದಾಸವಾಳದ್ದು. ಕಂಪ್ಯೂಟರಿಗೆ ಹಾಕಿ ನೋಡಿದರೆ ಫೈಲಿನ ಹೆಸರಿನಲ್ಲಿ 4312 ಎಂದಿತ್ತು. ಎದೆ ಧಸಕ್ಕೆಂದಿತು. ಹೊಸ ಕ್ಯಾಮೆರಾದ ಮೊದಲ ಫೋಟೋ 0001 ಆಗಬೇಕು, ಅಲ್ವಾ? ಯಾರೋ ನಾಲ್ಕು ಸಾವಿರ ಫೋಟೋ ತೆಗೆದು ವಾಪಸ್ ಕೊಟ್ಟಿದ್ದನ್ನು ನನಗೆ ದಾಟಿಸಿದ್ದಾರೆ ಅಂದುಕೊಂಡೆ. ಅಂಗಡಿಗೆ ಫೋನ್ ಮಾಡುವುದೊಂದೇ ಬಾಕಿ.

ಆದರೆ ತಪ್ಪು ಅಂಗಡಿಯದ್ದಾಗಿರಲಿಲ್ಲ. ನಾನು ಹಾಕಿದ್ದು ಹಳೆಯ ಕ್ಯಾಮೆರಾದ ಮೆಮೊರಿ ಕಾರ್ಡ್. ಅದರಲ್ಲಿ 4311ರವರೆಗೆ ಫೋಟೋ ಇದ್ದವು. ಹೊಸ ಕ್ಯಾಮೆರಾ ಅದೇ ಫೋಲ್ಡರ್ ನೋಡಿ ಮುಂದಿನ ಸಂಖ್ಯೆ ಕೊಟ್ಟಿತ್ತು, ಅಷ್ಟೇ. ಫೋಟೋದೊಳಗೆ ದಾಖಲಾಗಿದ್ದ ಶಟರ್ ಎಣಿಕೆ, ಅಂದರೆ ಕ್ಯಾಮೆರಾ ಇದುವರೆಗೆ ಎಷ್ಟು ಸಲ ಕ್ಲಿಕ್ಕಾಗಿದೆ ಎಂಬ ಲೆಕ್ಕ, ತೆಗೆದು ನೋಡಿದಾಗ ಬರೀ 9 ಇತ್ತು.

ಕೆಲವು ತಿಂಗಳ ನಂತರ ಇದಕ್ಕೆ ಪೂರ್ತಿ ಉಲ್ಟಾ ಕೇಸ್ ನೋಡಿದೆ. ಶಿವಮೊಗ್ಗದಲ್ಲಿರುವ ಗೆಳತಿಯೊಬ್ಬಳು ಮಂಡಗದ್ದೆಯ ಹಕ್ಕಿಗಳ ಫೋಟೋ ತೆಗೆಯಲು ಕ್ಯಾಮೆರಾ ತರಿಸಿದಳು. ಪೆಟ್ಟಿಗೆ ಚೊಕ್ಕವಾಗಿತ್ತು. ಮೊದಲ ಫೈಲ್ 0001 ಎಂದೇ ಬಂತು. ಶಟರ್ ಎಣಿಕೆ ಮಾತ್ರ 2,914. ಯಾರೋ ಬಳಸಿ, ಫೈಲ್ ಸಂಖ್ಯೆಯನ್ನು ಮೊದಲಿಗೆ ತಂದು, ಒರೆಸಿ, ಮತ್ತೆ ಪೆಟ್ಟಿಗೆಗೆ ಹಾಕಿದ್ದರು.

ಫೈಲ್ ಸಂಖ್ಯೆ ಎರಡೂ ಕಡೆಗೆ ಸುಳ್ಳು ಹೇಳುತ್ತದೆ ಎಂದು ನನಗೆ ತಿಳಿದಿದ್ದು ಹೀಗೆ. ಸುಮ್ನೆ ಒಂದು ಗುರುತು ನೋಡಿ ತೀರ್ಮಾನಕ್ಕೆ ಬರಬಾರದು. ಇನ್ನೊಂದು ವಿಷಯವೂ ತಿಳಿಯಿತು. ಹಳೆಯ ಕಾರ್ಡ್ ಹಾಕಿದ ಆ ಕ್ಷಣಕ್ಕೇ ನಾನು ಒಂದು ಸಾಕ್ಷಿಯನ್ನು ಕೆಡಿಸಿದ್ದೆ. ಫೈಲ್ ನಂಬರ್ ಸೀಕ್ವೆನ್ಸ್ ಎಂಬ ಸೆಟ್ಟಿಂಗ್ ಆನ್ ಇದ್ದರೆ ಕ್ಯಾಮೆರಾ ಆ 4312ನ್ನು ನೆನಪಿಟ್ಟುಕೊಂಡು, ಆಮೇಲೆ ಹೊಸ ಕಾರ್ಡ್ ಹಾಕಿದರೂ ಅಲ್ಲಿಂದಲೇ ಮುಂದುವರಿಸುತ್ತದೆ. ಹಾಗಾಗಿ ಏನನ್ನು ನೋಡಬೇಕು ಎನ್ನುವಷ್ಟೇ ಮುಖ್ಯ, ಯಾವುದನ್ನು ಮೊದಲು ನೋಡಬೇಕು ಎನ್ನುವುದು. ಕೆಳಗಿರುವುದು ನಾನು ಈಗ ಅನುಸರಿಸುವ ಕ್ರಮ. ಒಂದು ಗಂಟೆ ಸಾಕು. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಮಾಡಬೇಕು. ಕ್ಯಾಮೆರಾ ಬಂದ ದಿನವೇ ಮಾಡಿದರೆ ಇನ್ನೂ ಒಳ್ಳೆಯದು.

ಪೆಟ್ಟಿಗೆ ಬಿಚ್ಚುವ ಮೊದಲು

ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಯಾರ ಕೈಗಾದರೂ ಕೊಡಿ. ಕೊರಿಯರ್ ಪೊಟ್ಟಣದ ಆರು ಮೈಯೂ ಕಾಣಬೇಕು. ನಡುವೆ ನಿಲ್ಲಿಸಬೇಡಿ. ಕ್ಯಾಮೆರಾ ಹೊರಗೆ ಬಂದು, ಅದರ ಸೀರಿಯಲ್ ಸಂಖ್ಯೆ ವಿಡಿಯೊದಲ್ಲಿ ಓದುವಂತೆ ಕಾಣುವವರೆಗೂ ಓಡಲಿ. ಮುಂದೆ ಮಾತಿಗೆ ಮಾತು ಬಂದಾಗ ಕೆಲಸಕ್ಕೆ ಬರುವುದು ಇದೇ.

ಆಮೇಲೆ ಪೆಟ್ಟಿಗೆಯ ಮೇಲಿನ ಚೀಟಿ ಓದಿ. ಭಾರತದಲ್ಲಿ ಮಾರುವ ಪೆಟ್ಟಿಗೆಗಳ ಮೇಲೆ ಏನೆಲ್ಲ ಇರಬೇಕು ಎಂದು 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳು ಹೇಳುತ್ತವೆ. ಆಮದು ಮಾಡಿದವರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಸಂಪರ್ಕ. ನನ್ನ ಪೆಟ್ಟಿಗೆಯ ಮೇಲೆ ಥಾಯ್ಲೆಂಡ್ ಎಂದಿತ್ತು. ನಿಕಾನ್ ಕಾರ್ಖಾನೆ ಅಲ್ಲಿದೆ, ಗಾಬರಿ ಬೇಡ. ಈ ಚೀಟಿಯೇ ಇಲ್ಲದಿದ್ದರೆ ಅದು ಬೇರೆ ದಾರಿಯಲ್ಲಿ ಬಂದ ‘ಇಂಪೋರ್ಟ್’ ಮಾಲು ಇರಬಹುದು. ಅಂಥದ್ದು ಹೊಸದೇ ಆಗಿದ್ದರೂ ಕಂಪನಿಯ ಭಾರತದ ವಾರಂಟಿ ಸಿಗದೆ ಹೋಗಬಹುದು. ಆ ತಿಂಗಳು ಮತ್ತು ವರ್ಷವನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂದೆ ಅದರಿಂದ ದೊಡ್ಡ ಉಪಯೋಗವಿದೆ.

ಸೀಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೀಲ್ ಒಡೆದಿದ್ದರೆ ಹಳೆಯದು ಎಂದೇನೂ ಅಲ್ಲ. ಕೆಲವು ಕ್ಯಾಮೆರಾ ಪೆಟ್ಟಿಗೆಗಳಿಗೆ ಕಾರ್ಖಾನೆಯಲ್ಲೇ ಬಲವಾದ ಸೀಲ್ ಇರುವುದಿಲ್ಲ. ವಾರಂಟಿ ಕಾರ್ಡಿಗೆ ಮುದ್ರೆ ಹಾಕಲು ಅಂಗಡಿಯವರೇ ಪೆಟ್ಟಿಗೆ ತೆರೆಯುವುದೂ ಉಂಟು. ಇನ್ನೊಂದು ಕಡೆ, ಅಂಟು ಪಟ್ಟಿಯನ್ನು ಹೊಸದಾಗಿ ಹಚ್ಚುವುದು ಯಾರಿಗೂ ಕಷ್ಟವಲ್ಲ. ಸೀಲಿಗೆ ನಾನು ಕೊಡುವ ಬೆಲೆ ಕಡಿಮೆ.

ಬಿಲ್ ಹಾಗಲ್ಲ. ಅದರಲ್ಲಿ ಸೀರಿಯಲ್ ಸಂಖ್ಯೆ ಇರಲೇಬೇಕೆಂದು ಕೇಳಿ ಬರೆಸಿಕೊಳ್ಳಿ. ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು. ಕರ್ನಾಟಕದ ಅಂಗಡಿಯದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಕಾಣುತ್ತದೆ. ‘ಬಿಲ್ ಇಲ್ಲದೆ ಕೊಟ್ಟರೆ ಕಡಿಮೆ ಮಾಡ್ತೀನಿ’ ಎಂದರೆ ದಯವಿಟ್ಟು ಒಪ್ಪಬೇಡಿ. ಕ್ಯಾಮೆರಾ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲೇ ಶೇ 28ರಿಂದ 18ಕ್ಕೆ ಇಳಿದಿದೆ. ಆ ಶೇ 18 ಉಳಿಸಲು ಹೋಗಿ ಕೈಯಲ್ಲಿರುವ ಹಕ್ಕನ್ನೇ ಬಿಟ್ಟುಕೊಟ್ಟ ಹಾಗಾಗುತ್ತದೆ.

ಬ್ಯಾಟರಿ ಹಾಕುವ ಮೊದಲು ಮೈ ನೋಡಿ

ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಟ್ಯೂಬ್‌ಲೈಟ್ ಕೆಳಗೆ ಸಣ್ಣ ಗೀರು ಕಾಣುವುದಿಲ್ಲ. ಬೆಲ್ಟ್ ಕಟ್ಟಬೇಡಿ, ಫ್ಲಾಶ್ ಹಾಕಬೇಡಿ, ಲೆನ್ಸ್ ಕೂಡ ಸದ್ಯಕ್ಕೆ ಬೇಡ. ನೀವು ಹಾಕಿದರೆ ನಿಮ್ಮ ಗೀರು ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ಆಮೇಲೆ ಹೇಳಲಾಗುವುದಿಲ್ಲ.

ನಾನು ಮೊದಲು ನೋಡುವುದು ಹಾಟ್ ಶೂ, ಅಂದರೆ ತಲೆಯ ಮೇಲೆ ಫ್ಲಾಶ್ ಕೂರಿಸುವ ಜಾಗ. ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಸರಿಸಿ. ಅಲ್ಲಿನ ಕಪ್ಪು ಬಣ್ಣ ತುಂಬ ನಾಜೂಕು. ಒಂದೆರಡು ಸಲ ಫ್ಲಾಶ್ ತುರುಕಿದರೂ ಹಳಿಯ ಒಳಗೆ ಬೆಳ್ಳಿ ಬಣ್ಣದ ಗೆರೆ ಏಳುತ್ತದೆ. ಮದುವೆ ಫೋಟೋಗೆ ಹೋಗಿ ಬಂದ ಕ್ಯಾಮೆರಾ ಇಲ್ಲೇ ಸಿಕ್ಕಿಬೀಳುತ್ತದೆ. ಮೈಯನ್ನು ಎಷ್ಟು ಒರೆಸಿದರೂ ಆ ಗೆರೆ ಹೋಗುವುದಿಲ್ಲ.

ಆಮೇಲೆ ಬೆಲ್ಟ್ ಸಿಕ್ಕಿಸುವ ಕೊಂಡಿಗಳು. ಉಜ್ಜಿದ ಗುರುತು ಇರಬಾರದು. ತಳದಲ್ಲಿ ಟ್ರೈಪಾಡ್ ತಿರುಪಿನ ತೂತು. ಎಳೆಗಳು ಹೊಳಪಾಗಿ ಸವೆದಿದ್ದರೆ, ಸುತ್ತಲೂ ಉಂಗುರದ ಗುರುತು ಇದ್ದರೆ, ಅದನ್ನು ಯಾರೋ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ದಾರೆ. ತಳದ ಸಣ್ಣ ಸ್ಕ್ರೂಗಳ ತಲೆ ನೋಡಿ. ಅಂಚು ತಿಂದಿದ್ದರೆ ಕ್ಯಾಮೆರಾವನ್ನು ಬಿಚ್ಚಿ ಕೂಡಿಸಿದ್ದಾರೆ ಎಂದರ್ಥ. ಹೊಸ ಕ್ಯಾಮೆರಾದಲ್ಲಿ ಇದಕ್ಕೆ ಬೇರೆ ಯಾವ ಕಾರಣವೂ ನನಗೆ ಹೊಳೆಯುವುದಿಲ್ಲ.

ಲೆನ್ಸ್ ಕೂರುವ ಲೋಹದ ಉಂಗುರದಲ್ಲಿ ಮಾತ್ರ ಸ್ವಲ್ಪ ಉದಾರವಾಗಿರಿ. ಕಾರ್ಖಾನೆಯಲ್ಲೂ ಲೆನ್ಸ್ ಹಾಕಿ ಪರೀಕ್ಷೆ ಮಾಡುತ್ತಾರೆ. ತೆಳುವಾದ ಒಂದೆರಡು ಗೆರೆ ಇರಬಹುದು. ಉಂಗುರದ ಸುತ್ತ ಮೂರ್ನಾಲ್ಕು ಕಡೆ ದಪ್ಪ ಉಜ್ಜುಗುರುತು ಇದ್ದರೆ ಅದು ಪರೀಕ್ಷೆಯದ್ದಲ್ಲ.

ಜೊತೆಗೆ ಲೆನ್ಸ್ ಬಂದಿದ್ದರೆ ಟಾರ್ಚ್ ಹಿಡಿದು ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಅಂಗಡಿಯ ಕಪಾಟಿನಲ್ಲಿ ಒಂದೆರಡು ಮಳೆಗಾಲ ಕಳೆದ ಲೆನ್ಸಿಗೂ ಇದು ಬರಬಹುದು, ಯಾರೂ ಬಳಸದೆಯೇ. ಬಳಸದ್ದು ಎಂಬುದು ನಿಜವಾದರೂ ಅಂಥ ಲೆನ್ಸ್ ಇಟ್ಟುಕೊಳ್ಳಬೇಡಿ.

ಮೊದಲ ಸಲ ಆನ್ ಮಾಡಿದಾಗ

ಹೊಸ ಕ್ಯಾಮೆರಾ ಸಾಮಾನ್ಯವಾಗಿ ಭಾಷೆ, ದಿನಾಂಕ, ಸಮಯ ಕೇಳುತ್ತದೆ. ಕೇಳದೆ ಸರಿಯಾದ ದಿನಾಂಕವನ್ನೇ ತೋರಿಸಿದರೆ ಇತ್ತೀಚೆಗೆ ಯಾರೋ ಆನ್ ಮಾಡಿ ಹೊಂದಿಸಿದ್ದಾರೆ. ಅದು ಅಂಗಡಿಯ ಹುಡುಗನೇ ತೋರಿಸಲು ಮಾಡಿದ್ದಾಗಿರಬಹುದು, ಕೇಳಿ ನೋಡಿ. ಆದರೆ ಕೇಳಿತು ಎಂದ ಮಾತ್ರಕ್ಕೆ ಹೊಸದು ಎಂದು ಒಪ್ಪಬೇಡಿ. ಗಡಿಯಾರಕ್ಕೆ ಒಳಗೆ ಬೇರೆಯದೇ ಪುಟ್ಟ ಬ್ಯಾಟರಿ ಇರುತ್ತದೆ. ದೊಡ್ಡ ಬ್ಯಾಟರಿ ತೆಗೆದು ಕೆಲವು ತಿಂಗಳು ಇಟ್ಟರೆ ಅದು ಖಾಲಿಯಾಗುತ್ತದೆ. ಆಗ ಹಳೆಯ ಕ್ಯಾಮೆರಾ ಕೂಡ ಹೊಸದರಂತೆ ದಿನಾಂಕ ಕೇಳುತ್ತದೆ. ರೀಸೆಟ್ ಮಾಡಿದ ಕ್ಯಾಮೆರಾದಲ್ಲೂ ಹೀಗಾಗಬಹುದು.

ಈಗ ಸೆಟ್ಟಿಂಗ್ಸ್ ಒಳಗೆ ಹೋಗಿ. ಏನನ್ನೂ ಬದಲಾಯಿಸಬೇಡಿ, ಸುಮ್ನೆ ಓದಿ. ಕಾಪಿರೈಟ್ ಮಾಹಿತಿಯಲ್ಲಿ ಯಾರದ್ದಾದರೂ ಹೆಸರು ಇದೆಯಾ? ವೈಫೈ ಮತ್ತು ಬ್ಲೂಟೂತ್ ಪಟ್ಟಿಯಲ್ಲಿ ಜೋಡಿಸಿದ ಫೋನ್ ಇದೆಯಾ? ಮೈ ಮೆನುವಿನಲ್ಲಿ, ಬಳಸುವವರು ತಮ್ಮ ಸೆಟ್ಟಿಂಗ್ ಉಳಿಸಿಡುವ ಯು1, ಯು2 ಅಥವಾ ಸಿ1, ಸಿ2ಗಳಲ್ಲಿ ಯಾರಾದರೂ ತಮಗೆ ಬೇಕಾದಂತೆ ಹೊಂದಿಸಿದ್ದಾರಾ? ಗೆಳತಿಯ ಕ್ಯಾಮೆರಾದಲ್ಲಿ ಫೈಲ್ ಸಂಖ್ಯೆ ಅಳಿಸಿದವರು ಕಾಪಿರೈಟ್ ಮರೆತಿದ್ದರು. ಅಲ್ಲಿ ಒಂದು ಸ್ಟುಡಿಯೋದ ಹೆಸರು ಕೂತಿತ್ತು.

ನಂತರ ಫರ್ಮ್‌ವೇರ್, ಅಂದರೆ ಕ್ಯಾಮೆರಾವನ್ನು ನಡೆಸುವ ಒಳಗಿನ ತಂತ್ರಾಂಶದ ಆವೃತ್ತಿ. ಇದನ್ನು ತುಂಬ ಜನ ನೋಡುವುದೇ ಇಲ್ಲ. ನನಗೆ ಮಾತ್ರ ಇದು ಬಹಳ ಇಷ್ಟದ ಪರೀಕ್ಷೆ. ಕ್ಯಾಮೆರಾದಲ್ಲಿ ತೋರುವ ಆವೃತ್ತಿಯನ್ನು ಬರೆದುಕೊಳ್ಳಿ. ಕಂಪನಿಯ ಜಾಲತಾಣದಲ್ಲಿ ಆ ಆವೃತ್ತಿ ಯಾವಾಗ ಬಿಡುಗಡೆಯಾಯಿತು ಎಂದು ನೋಡಿ. ಈಗ ಪೆಟ್ಟಿಗೆಯ ಮೇಲಿನ ತಿಂಗಳ ಜೊತೆ ಹೋಲಿಸಿ. ಪೆಟ್ಟಿಗೆ ಮಾರ್ಚ್‌ನದ್ದು, ಫರ್ಮ್‌ವೇರ್ ಸೆಪ್ಟೆಂಬರಿನದ್ದು ಎಂದರೆ ಪೆಟ್ಟಿಗೆ ಮುಚ್ಚಿದ ಮೇಲೆ ಯಾರೋ ತೆರೆದು ಅಪ್‌ಡೇಟ್ ಮಾಡಿದ್ದಾರೆ. ಮುಚ್ಚಿದ ಪೆಟ್ಟಿಗೆಯೊಳಗೆ ಅದು ತಾನಾಗಿ ಆಗುವ ಕೆಲಸವಲ್ಲ. ಅದಕ್ಕೇ ನೀವು ಅಪ್‌ಡೇಟ್ ಮಾಡುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ.

ಬ್ಯಾಟರಿಯೂ ಮಾತಾಡುತ್ತದೆ. ನಿಕಾನ್‌ನ ಹಲವು ಮಾದರಿಗಳಲ್ಲಿ ಬ್ಯಾಟರಿ ಇನ್ಫೋ ಎಂಬಲ್ಲಿ ಬ್ಯಾಟರಿಯ ವಯಸ್ಸು 0ಯಿಂದ 4ರವರೆಗೆ ಕಾಣುತ್ತದೆ. ಹೊಸದು 0. ಕ್ಯಾನನ್‌ನ ಕೆಲವು ಮಾದರಿಗಳಲ್ಲಿ ಮೂರು ಹಸಿರು ಚೌಕ ಇದ್ದರೆ ಚೆನ್ನಾಗಿದೆ ಎಂದರ್ಥ. ಹೊಸ ಬ್ಯಾಟರಿ ಎಂದು ಕೊಟ್ಟು ಎರಡೇ ಚೌಕ ತೋರಿಸಿದರೆ ಅದು ಹೊಸದಲ್ಲ. ಅರ್ಧ ಚಾರ್ಜ್ ಇದೆ ಎಂಬುದಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಲಿಥಿಯಂ ಬ್ಯಾಟರಿಗಳನ್ನು ಕಾರ್ಖಾನೆಯಿಂದ ಸ್ವಲ್ಪ ಚಾರ್ಜ್ ಮಾಡಿಯೇ ಕಳಿಸುತ್ತಾರೆ. ಬ್ಯಾಟರಿ ಮತ್ತು ಚಾರ್ಜರ್ ಮೇಲೆ ಬಿಐಎಸ್ ಗುರುತು ಮತ್ತು ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಲ್ಲಿನ ಮಾರುಕಟ್ಟೆಗೆ ಬಂದ ಮಾಲಿನಲ್ಲಿ ಅದು ಇರಬೇಕು.

ಶಟರ್ ಎಣಿಕೆ

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇದು. ಶಟರ್ ಎಂದರೆ ಚಿತ್ರ ಹಿಡಿಯುವ ಸೆನ್ಸರ್ ಮುಂದೆ ತೆರೆದು ಮುಚ್ಚುವ ಪರದೆ. ಎಷ್ಟು ಸಲ ಬಡಿಯಿತು ಎಂದು ಕ್ಯಾಮೆರಾ ಒಳಗೇ ಲೆಕ್ಕ ಇಡುತ್ತದೆ. ಕಾರಿನ ಕಿಲೋಮೀಟರ್ ಮೀಟರ್ ಇದ್ದ ಹಾಗೆ. ಮೆನುವಿನಲ್ಲಿ ರೀಸೆಟ್ ಒತ್ತಿದರೆ ಇದು ಅಳಿಯುವುದಿಲ್ಲ.

ಖಾಲಿ ಕಾರ್ಡ್ ತೆಗೆದುಕೊಂಡು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಒಂದೇ ಒಂದು ಜೆಪೆಗ್ ಫೋಟೋ ತೆಗೆಯಿರಿ. ಆ ಫೈಲನ್ನು ಕಾರ್ಡ್ ರೀಡರ್ ಮೂಲಕ ನೇರ ಕಂಪ್ಯೂಟರಿಗೆ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಳ್ಳಬೇಡಿ. ಯಾವ ಎಡಿಟಿಂಗ್ ತಂತ್ರಾಂಶದಲ್ಲೂ ಸೇವ್ ಮಾಡಬೇಡಿ. ಹಾಗೆ ಮಾಡಿದರೆ ಎಕ್ಸಿಫ್, ಅಂದರೆ ಕ್ಯಾಮೆರಾ ಫೋಟೋ ಜೊತೆಗೇ ಬರೆದಿಡುವ ಮಾಹಿತಿ, ಉದುರಿಹೋಗಬಹುದು. ನಮಗೆ ಬೇಕಾದದ್ದೇ ಅದು.

ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶವಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. ವಿಂಡೋಸ್‌ನಲ್ಲಿ ಫೋಟೋವನ್ನು ಎಳೆದು ಅದರ ಐಕಾನ್ ಮೇಲೆ ಬಿಟ್ಟರೆ ಕಪ್ಪು ಪರದೆಯಲ್ಲಿ ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ಎರಡು ಸಾಲು ಹುಡುಕಿ. ಒಂದು ‘ಶಟರ್ ಕೌಂಟ್’, ಇನ್ನೊಂದು ‘ಸೀರಿಯಲ್ ನಂಬರ್’. ಆ ಸೀರಿಯಲ್ ಸಂಖ್ಯೆ ಕ್ಯಾಮೆರಾದ ಮೈ ಮೇಲಿರುವುದಕ್ಕೆ, ಪೆಟ್ಟಿಗೆಗೆ, ವಾರಂಟಿ ಕಾರ್ಡಿಗೆ, ಬಿಲ್ಲಿಗೆ ಹೊಂದಬೇಕು. ಮೈ ಮೇಲಿನ ಚೀಟಿ ಬದಲಾಯಿಸಬಹುದು, ಪೆಟ್ಟಿಗೆ ಬದಲಾಯಿಸಬಹುದು. ಫೋಟೋದೊಳಗೆ ಬರೆಯುವ ಸಂಖ್ಯೆಯನ್ನು ಬದಲಾಯಿಸುವುದು ಅಂಗಡಿ ಕಪಾಟಿನ ಮುಂದೆ ಕೂತು ಆಗುವ ಕೆಲಸವಲ್ಲ.

ಎಣಿಕೆ 1 ಇರಬೇಕಾ? ಬೇಡ. ಕಾರ್ಖಾನೆಯ ಪರೀಕ್ಷೆಯಲ್ಲಿ ಕೆಲವು ಸಲ ಬಡಿದಿರುತ್ತದೆ. ಹತ್ತು, ಇಪ್ಪತ್ತು, ಅಂಗಡಿಯಲ್ಲಿ ತೆಗೆದು ತೋರಿಸಿದ್ದರೆ ನಲವತ್ತು ಐವತ್ತು ಇದ್ದರೂ ನಾನು ಒಪ್ಪುತ್ತೇನೆ. ಕೆಲವು ನೂರು ಇದ್ದರೆ ಅದು ಪ್ರದರ್ಶನಕ್ಕೆ ಇಟ್ಟ ಪೀಸ್ ಅಥವಾ ಒಬ್ಬರು ಒಯ್ದು ವಾಪಸ್ ತಂದ ಪೀಸ್ ಇರಬೇಕು. ಡಿ7500 ಸೆಕೆಂಡಿಗೆ 8 ಫೋಟೋ ತೆಗೆಯುತ್ತದೆ. ಗುಂಡಿ ಒತ್ತಿ ಒಂದು ನಿಮಿಷ ಆಟವಾಡಿದರೂ ಸಂಖ್ಯೆ ಹಾರುತ್ತದೆ. ಸಾವಿರ ದಾಟಿದ್ದರೆ ಚರ್ಚೆ ಬೇಡ, ಅದು ಬಳಸಿದ್ದು.

‘ಈ ಶಟರ್ ಲಕ್ಷಗಟ್ಟಲೆ ಬಾಳುತ್ತೆ ಸರ್, ಮೂರು ಸಾವಿರ ಏನು ಮಹಾ’ ಎಂದು ಹೇಳುವವರಿದ್ದಾರೆ. ಬಾಳಿಕೆಯ ಮಾತು ನಿಜ. ಕ್ಯಾನನ್ 5ಡಿ ಮಾರ್ಕ್ 4ರ ಶಟರನ್ನು 1.5 ಲಕ್ಷ ಸಲಕ್ಕೆ, ನಿಕಾನ್ ಡಿ850ರದ್ದನ್ನು 2 ಲಕ್ಷ ಸಲಕ್ಕೆ ಪರೀಕ್ಷಿಸಿದ್ದಾರೆ. ಆದರೆ ನೀವು ಕೊಟ್ಟದ್ದು ಹೊಸದರ ಹಣ. ಬಳಸಿದ್ದಾದರೆ ಬಳಸಿದ್ದರ ಬೆಲೆ ಇರಬೇಕು. ನಿಮ್ಮ ಪ್ರಶ್ನೆ ಬಾಳಿಕೆಯದ್ದಲ್ಲ.

ಎಲ್ಲ ಕಂಪನಿಯಲ್ಲೂ ಇದು ಇಷ್ಟು ಸುಲಭವಲ್ಲ. ನಿಕಾನ್, ಪೆಂಟ್ಯಾಕ್ಸ್, ಸೋನಿಯ ಬಹಳಷ್ಟು ಮಾದರಿಗಳು ಎಣಿಕೆಯನ್ನು ಫೋಟೋದಲ್ಲೇ ಬರೆಯುತ್ತವೆ. ಕ್ಯಾನನ್‌ನ ಬಹುತೇಕ ಮಾದರಿಗಳು ಬರೆಯುವುದಿಲ್ಲ. ಅದರ ಹಲವು ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾಗಳಲ್ಲಿ) ಯುಎಸ್‌ಬಿ ವೈರ್ ಹಾಕಿ ಬೇರೆ ತಂತ್ರಾಂಶದಿಂದ ಓದಬೇಕು. ಅದೂ ಆಗದಿದ್ದರೆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ದು ಕೇಳಿ.

ಮಿರರ್‌ಲೆಸ್, ಅಂದರೆ ಆ ಕನ್ನಡಿ ಇಲ್ಲದ ಕ್ಯಾಮೆರಾಗಳಲ್ಲಿ ಇನ್ನೊಂದು ತೊಡಕು. ಎಲೆಕ್ಟ್ರಾನಿಕ್ ಶಟರಿನಲ್ಲಿ ತೆಗೆದರೆ ಪರದೆ ಬಡಿಯುವುದೇ ಇಲ್ಲ. ನಿಕಾನ್ ಝಡ್9, ಝಡ್8ಗಳಲ್ಲಿ ಯಾಂತ್ರಿಕ ಶಟರೇ ಇಲ್ಲ. ವಿಡಿಯೊ ತೆಗೆದವರ ಕ್ಯಾಮೆರಾದಲ್ಲಂತೂ ಗಂಟೆಗಟ್ಟಲೆ ಓಡಿದರೂ ಎಣಿಕೆ ಹೆಚ್ಚು ಏರುವುದಿಲ್ಲ. ಅಂಥ ಕ್ಯಾಮೆರಾದಲ್ಲಿ ಎಣಿಕೆ ಕಡಿಮೆ ಇದೆ ಎಂದು ಸಮಾಧಾನಪಡಬೇಡಿ. ಟ್ರೈಪಾಡ್ ತೂತು, ಎಚ್‌ಡಿಎಂಐ ಮತ್ತು ಮೈಕ್ ಸಾಕೆಟ್‌ಗಳ ಸುತ್ತ ಇರುವ ಗೀರು, ರಬ್ಬರ್ ಮುಚ್ಚಳದ ಸಡಿಲ, ಫರ್ಮ್‌ವೇರ್ ತಾರೀಖು, ಇವೇ ಅಲ್ಲಿ ನಿಮಗೆ ಆಧಾರ. ಶಟರ್ ಬದಲಾಯಿಸಿದ ಕ್ಯಾಮೆರಾದಲ್ಲೂ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಿರಬಹುದು. ಸ್ಕ್ರೂ ತಲೆಗಳನ್ನು ನೋಡಿ ಎಂದು ಮೊದಲೇ ಹೇಳಿದ್ದು ಅದಕ್ಕೇ.

ದಾರಿ ತಪ್ಪಿಸುವ ಎರಡು ಗುರುತು

ಸೆನ್ಸರ್ ಮೇಲೆ ಧೂಳು. ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿ ಆಕಾಶದ ಫೋಟೋ ತೆಗೆದರೆ ಬೂದು ಚುಕ್ಕೆಗಳು ಕಾಣುತ್ತವೆ. ಇದನ್ನು ನೋಡಿ ‘ಹಳೆಯದು’ ಎಂದು ಕೂಗಬೇಡಿ. 2012ರಲ್ಲಿ ಬಂದ ನಿಕಾನ್ ಡಿ600 ಹೊಸದಾಗಿದ್ದಾಗಲೇ ಸೆನ್ಸರ್ ಮೇಲೆ ಚುಕ್ಕೆ ಬೀಳಿಸುತ್ತಿತ್ತು. ಮರುವರ್ಷ ಅದರ ಜಾಗಕ್ಕೆ ಡಿ610 ಬಂತು. 2014ರಲ್ಲಿ ಕಂಪನಿ ಡಿ600 ಕೊಂಡವರಿಗೆ ಉಚಿತವಾಗಿ ಸರಿಪಡಿಸಿಕೊಟ್ಟಿತು. ಚುಕ್ಕೆ ಇದ್ದರೆ ಸ್ವಚ್ಛ ಮಾಡಿಸಿ ಎಂದು ಕೇಳಲು ಅದು ಕಾರಣ. ಬಳಸಿದ್ದು ಎನ್ನಲು ಅದೊಂದೇ ಸಾಲದು.

ಇನ್ನೊಂದು ಹಾಟ್ ಪಿಕ್ಸೆಲ್. ಮುಚ್ಚಳ ಹಾಕಿ 30 ಸೆಕೆಂಡ್ ಫೋಟೋ ತೆಗೆದರೆ ಕೆಂಪು, ನೀಲಿ ಚುಕ್ಕೆ ಬರುತ್ತವೆ. ಹೊಸ ಸೆನ್ಸರಿನಲ್ಲೂ ಇವು ಇರಬಹುದು. ಇದೊಂದನ್ನೇ ನೋಡಿ ವಯಸ್ಸು ಹೇಳಲಾಗುವುದಿಲ್ಲ.

ಹಳೆಯದು ಎಂದು ಗೊತ್ತಾದರೆ

ಒಂದೇ ಗುರುತು ಕಂಡರೆ ಮೊದಲು ಅಂಗಡಿಯವರನ್ನು ಸಮಾಧಾನವಾಗಿ ಕೇಳಿ. ಡೆಮೋ ತೋರಿಸಿದ್ದರೆ ಹೇಳುತ್ತಾರೆ. ಎಣಿಕೆ, ಗೀರು, ಫರ್ಮ್‌ವೇರ್, ಹೆಸರು, ಇವುಗಳಲ್ಲಿ ಎರಡು ಮೂರು ಒಂದೇ ಕಡೆ ಬೆರಳು ತೋರಿಸಿದರೆ ಬಳಸುವುದನ್ನು ನಿಲ್ಲಿಸಿ. ಇನ್ನೊಂದು ಫೋಟೋ ಕೂಡ ತೆಗೆಯಬೇಡಿ. ಎಣಿಕೆ ಏರಿದರೆ ‘ನೀವೇ ತೆಗೆದದ್ದು’ ಎನ್ನುತ್ತಾರೆ. ವಾರಂಟಿ ನೋಂದಣಿಗೂ ಇನ್ನೂ ಕೈ ಹಾಕಬೇಡಿ. ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಮಾಡುವ ಕೊನೆಯ ಕೆಲಸ ಅದು. ಆಗಲೂ ‘ಈ ಸೀರಿಯಲ್ ಈಗಾಗಲೇ ನೋಂದಣಿಯಾಗಿದೆ’ ಎಂದು ಬಂದರೆ ಕಂಪನಿಗೇ ಬರೆದು ಕೇಳಿ.

ದೂರನ್ನು ಫೋನಿನಲ್ಲಿ ಹೇಳಿ ಬಿಡಬೇಡಿ, ಬರಹದಲ್ಲಿ ಕೊಡಿ. ಬಿಲ್, ವಿಡಿಯೊ, ಮೊದಲ ಫೋಟೋದ ಮೂಲ ಫೈಲ್, ಎಣಿಕೆ ಕಾಣುವ ಪರದೆಯ ಚಿತ್ರ ಜೊತೆಗಿರಲಿ. ಆನ್‌ಲೈನ್ ಖರೀದಿಯಾದರೆ 2020ರ ಇ-ಕಾಮರ್ಸ್ ನಿಯಮಗಳು ನಿಮ್ಮ ಪರ ಇವೆ. ದೂರು ಬಂದಿದೆ ಎಂದು 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಹೇಳಿದ್ದಕ್ಕೆ ಹೊಂದದ ಮಾಲನ್ನು ವಾಪಸ್ ತೆಗೆದುಕೊಳ್ಳಲ್ಲ ಎನ್ನುವಂತಿಲ್ಲ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರ ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬಹುದು.

ಗೆಳತಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ‘ಪರೀಕ್ಷೆಗೆ ತೆರೆದಿದ್ದೆವು’ ಎಂದು ಮಾರಿದವರು ಮೊದಲು ಬರೆದರು. 2,914ರ ಎಣಿಕೆ, ಕಾಪಿರೈಟಿನಲ್ಲಿದ್ದ ಸ್ಟುಡಿಯೋ ಹೆಸರು, ಪೆಟ್ಟಿಗೆಯ ತಿಂಗಳಿಗಿಂತ ಈಚಿನ ಫರ್ಮ್‌ವೇರ್, ಮೂರನ್ನೂ ಒಂದೇ ಪತ್ರದಲ್ಲಿ ಇಟ್ಟು ಅವಳು ಉತ್ತರ ಕೊಟ್ಟಳು. ಬದಲಿ ಕ್ಯಾಮೆರಾ ಬಂತು. ಅದನ್ನೂ ಇದೇ ಕ್ರಮದಲ್ಲಿ ನೋಡಿದಳು. ಎಣಿಕೆ 7 ಇತ್ತು, ಹಾಟ್ ಶೂ ಕಪ್ಪಗೆ ಹಾಗೇ ಇತ್ತು. ಆ ಮೊದಲ ಫೋಟೋವನ್ನು ಬಿಲ್ಲಿನ ಜೊತೆ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಂಡು, ಮರುದಿನ ಬೆಳಿಗ್ಗೆ ಮಂಡಗದ್ದೆಗೆ ಹೊರಟಳು.